ಗುಬ್ಬಿಯ ಒಂದು ಹನಿ ರಕ್ತ: ಕಾಡುಹಕ್ಕಿಗಳ ರೋಗನಿರೋಧಕ ಶಕ್ತಿಯನ್ನು ಅಭ್ಯಸಿಸಬಯಸುವ ಪದವಿ ವಿದ್ಯಾರ್ಥಿಗಳಿಗೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನೋ ಸೂಕ್ಷ್ಮಜೀವಿಶಾಸ್ತ್ರವನ್ನೋ ಓದುತ್ತಿರುವ ಬಹುಪಾಲು ವಿದ್ಯಾರ್ಥಿಗಳು, ಸಂಶೋಧನೆ ಎಂದರೆ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮೇಲೆ ಶುರುವಾಗುವ ಕೆಲಸವೆಂದು ನಂಬಿಕೊಂಡಿರುತ್ತಾರೆ. ಕಾಡುಹಕ್ಕಿಗಳ, ಅಂದರೆ ಗುಬ್ಬಿಯಂತೆ ಯಾರೂ ಸಾಕದ ಹಕ್ಕಿಗಳ, ರೋಗನಿರೋಧಕ ಶಕ್ತಿಯ ಅಧ್ಯಯನದ ಮಟ್ಟಿಗೆ ಈ ನಂಬಿಕೆ ಸರಿಯಲ್ಲ. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದರಿಂದ, ಮನುಷ್ಯರ ರಕ್ತವನ್ನು ಕ್ಷಣಾರ್ಧದಲ್ಲಿ ಎಣಿಸಿಬಿಡುವ ಆಸ್ಪತ್ರೆಯ ಯಂತ್ರಗಳು ಹಕ್ಕಿಯ ರಕ್ತದ ಮುಂದೆ ಗೊಂದಲಕ್ಕೆ ಬೀಳುತ್ತವೆ. ಕೆಂಪುಕಣ ಯಾವುದು, ಬಿಳಿಕಣ ಯಾವುದು ಎಂಬುದನ್ನು ಇಂದಿಗೂ ಮನುಷ್ಯರ ಕಣ್ಣೇ ಸೂಕ್ಷ್ಮದರ್ಶಕದ ಮೂಲಕ ಗುರುತಿಸಿ ಎಣಿಸಬೇಕಾಗಿದೆ. ಈ ಕೆಲಸಕ್ಕೆ ಬೇಕಾದ ಎಣ್ಣೆಮಸೂರದ ಸೂಕ್ಷ್ಮದರ್ಶಕ, ಗಾಜಿನ ಸ್ಲೈಡು, ಗೀಮ್ಸಾ ಬಣ್ಣ ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೇ ಸಿಗುತ್ತವೆ. ಪಳಗಿದ ಕಣ್ಣು ಮಾತ್ರ ಅಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಅದನ್ನು ಬೆಳೆಸಿಕೊಳ್ಳಬೇಕು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮವನ್ನು ಉದ್ದೇಶಪೂರ್ವಕವಾಗಿಯೇ ಹೀಗೆ ಇಡಲಾಗಿದೆ: ಮೊದಲು ಕೋಳಿಯ ರಕ್ತ, ಆಮೇಲೆ ಸಾಕಿದ ಪಾರಿವಾಳ, ಎಲ್ಲಕ್ಕಿಂತ ಕೊನೆಗೆ ಕಾಡುಹಕ್ಕಿ. ಕಾಡುಹಕ್ಕಿಯಿಂದ ತೆಗೆಯುವ ರಕ್ತ ಕೆಲವೇ ಹನಿ. ಅದನ್ನು ಕಲಿಕೆಗೆಂದು ಹಾಳುಮಾಡುವ ಹಕ್ಕು ನಮಗಿಲ್ಲ ಎಂಬುದನ್ನು ನಾನು ದೃಢವಾಗಿ ನಂಬಿದ್ದೇನೆ.

ಓದಿಕೊಳ್ಳಬೇಕಾದ ಅಂಶಗಳು

ಪಠ್ಯಪುಸ್ತಕದ ಇಮ್ಯುನಾಲಜಿ ಪಾಠ ಹೆಚ್ಚಾಗಿ ಮನುಷ್ಯ ಮತ್ತು ಇಲಿಯನ್ನು ಆಧರಿಸಿರುತ್ತದೆ. ಹಕ್ಕಿಗಳಿಗೆ ಬಂದಾಗ ಅದರಲ್ಲಿ ಕೆಲವನ್ನು ತಿದ್ದಿಕೊಳ್ಳಬೇಕು. ಹೆಚ್ಚಿನ ಹಕ್ಕಿಗಳಲ್ಲಿ ನಮ್ಮಲ್ಲಿರುವಂತಹ ದುಗ್ಧಗ್ರಂಥಿಗಳಿಲ್ಲ. ನಮ್ಮಲ್ಲಿ ರೋಗಾಣುಗಳನ್ನು ನುಂಗುವ ನ್ಯೂಟ್ರೊಫಿಲ್ ಎಂಬ ಬಿಳಿಕಣ ಮಾಡುವ ಕೆಲಸವನ್ನು ಅವುಗಳಲ್ಲಿ ಹೆಟೆರೊಫಿಲ್ ಎಂಬ ಬಿಳಿಕಣ ಮಾಡುತ್ತದೆ. ರೋಗಾಣುಗಳಿಗೆ ಅಂಟಿಕೊಂಡು ಅವನ್ನು ತಡೆಯುವ ಪ್ರೋಟೀನುಗಳೇ ಪ್ರತಿಕಾಯಗಳು; ನಮ್ಮ ಐಜಿಜಿ ಎಂಬ ಪ್ರತಿಕಾಯದ ಜಾಗದಲ್ಲಿ ಅವುಗಳಲ್ಲಿ ಐಜಿವೈ ಇದೆ. ತಾಯಿಹಕ್ಕಿ ಅದನ್ನು ಮೊಟ್ಟೆಯ ಹಳದಿಯಲ್ಲಿ ತುಂಬಿ ಮರಿಗೆ ದಾಟಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಮಲದ್ವಾರದ ಹತ್ತಿರ ಫ್ಯಾಬ್ರಿಸಿಯಸ್‌ನ ಬರ್ಸಾ ಎಂಬ ಚಿಕ್ಕ ಚೀಲವಿದೆ, ಪ್ರತಿಕಾಯ ತಯಾರಿಸುವ ಕೋಶಗಳು ಪಕ್ವವಾಗುವುದು ಅಲ್ಲಿ.

ಈ ಬರ್ಸಾದ ಕೆಲಸವನ್ನು ಪತ್ತೆ ಹಚ್ಚಿದ ಬಗೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಸಂಶೋಧನಾ ವಿದ್ಯಾರ್ಥಿ, ಬರ್ಸಾ ಯಾತಕ್ಕಿದೆ ಎಂದು ತಿಳಿಯಲು ಎಳೆಯ ಕೋಳಿಗಳಿಂದ ಅದನ್ನು ತೆಗೆದು ಸಾಕಿದ್ದರು. ತರಗತಿಯಲ್ಲಿ ಪ್ರತಿಕಾಯಗಳು ಹುಟ್ಟುವುದನ್ನು ತೋರಿಸಲು ಕೋಳಿಗಳು ಬೇಕಾಗಿದ್ದ ತಿಮೋತಿ ಚಾಂಗ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಅವುಗಳಲ್ಲಿ ಕೆಲವನ್ನು ಪಡೆದು ಸಾಲ್ಮೊನೆಲ್ಲಾ ಚುಚ್ಚಿದಾಗ, ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯಗಳೇ ಕಾಣಿಸಲಿಲ್ಲ. ಪಾಠ ಕೆಟ್ಟಿತು ಎಂದು ಇಬ್ಬರೂ ಕೈಬಿಡದೆ ಕಾರಣವನ್ನು ಹುಡುಕಿದರು. ದೊಡ್ಡ ಪತ್ರಿಕೆಯೊಂದು ಹಿಂದಿರುಗಿಸಿದ ಅವರ ಬರಹ 1956ರಲ್ಲಿ ಕೋಳಿಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿಕಾಯ ತಯಾರಿಸುವ ಕೋಶಗಳನ್ನು ಇಂದು ನಾವು ಬಿ ಕೋಶ ಎನ್ನುವಾಗಿನ ‘ಬಿ’ ಬಂದಿರುವುದು ಆ ಬರ್ಸಾದಿಂದಲೇ.

ಕೋಳಿಯ ರಕ್ತದ ಮೇಲೆ ಕೈ ಪಳಗಿಸುವುದು

ನಿಮ್ಮ ಓಣಿಯ ಕೋಳಿ ಅಂಗಡಿಯವರನ್ನು ವಿನಯದಿಂದ ಕೇಳಿ, ರಕ್ತಪರೀಕ್ಷೆಯ ಲ್ಯಾಬುಗಳಲ್ಲಿ ಬಳಸುವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ನಾಳದಲ್ಲಿ ಸ್ವಲ್ಪ ರಕ್ತವನ್ನು ಹಿಡಿದುಕೊಳ್ಳಿ. ಹೇಗೂ ಚೆಲ್ಲಿಹೋಗುವ ರಕ್ತವಾದ್ದರಿಂದ ಇಲ್ಲಿ ಯಾವ ಜೀವಿಗೂ ಹೊಸ ನೋವಿಲ್ಲ. ಕೈಗವಸು, ಮುಖಗವಸು ಮಾತ್ರ ಇರಲೇಬೇಕು, ಮತ್ತು ನಾಳವನ್ನು ಊಟದ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ತರಬಾರದು.

ಒಂದು ಸ್ಲೈಡಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ರಕ್ತವನ್ನಿಟ್ಟು, ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು, ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡಿಕೊಳ್ಳುವಷ್ಟು ಕ್ಷಣ ಕಾದು, ನಂತರ ತಡೆಯದೆ ಒಂದೇ ಓಟದಲ್ಲಿ ಮುಂದಕ್ಕೆ ತಳ್ಳಬೇಕು. ಕೈ ನಡುಗಿದರೆ ಲೇಪದಲ್ಲಿ ಅಡ್ಡಗೆರೆಗಳು ಬೀಳುತ್ತವೆ. ಹನಿ ದೊಡ್ಡದಾದರೆ ಲೇಪ ಸ್ಲೈಡಿನ ಕೊನೆಯವರೆಗೂ ಹೋಗಿ, ಕಣಗಳು ಒಂದರ ಮೇಲೊಂದು ಕೂರುತ್ತವೆ. ಸರಿಯಾದ ಲೇಪ ಸ್ಲೈಡಿನ ಮುಕ್ಕಾಲು ಭಾಗಕ್ಕೆ ಮುಗಿದು, ಕೊನೆಯಲ್ಲಿ ತೆಳ್ಳಗಾಗುತ್ತ ಹೋಗಿ ಇಲ್ಲವಾಗುತ್ತದೆ. ಎಣಿಕೆಗೆ ಯೋಗ್ಯವಾದದ್ದು, ಆ ತೆಳ್ಳನೆಯ ಭಾಗಕ್ಕಿಂತ ಸ್ವಲ್ಪ ಹಿಂದೆ ಕಣಗಳು ಒಂದಕ್ಕೊಂದು ತಾಗದೆ ಒಂದೇ ಪದರದಲ್ಲಿ ಹರಡಿರುವ ಜಾಗ.

ಸ್ಲೈಡಿನ ಮೇಲೆ ಹೆಸರು ಬರೆಯಲು ಮಾರ್ಕರ್ ಪೆನ್ನು ಬಳಸಬೇಡಿ, ಮೆಥನಾಲ್‌ನಲ್ಲಿ ಅದ್ದಿದ ಕೂಡಲೇ ಆ ಶಾಯಿ ತೊಳೆದುಹೋಗುತ್ತದೆ. ಒಂದು ತುದಿ ಮಂಜುಗಾಜಿನಂತಿರುವ ಸ್ಲೈಡುಗಳನ್ನು ತರಿಸಿ ಸೀಸದ ಕಡ್ಡಿಯಿಂದ ಬರೆಯಿರಿ. ಲೇಪ ಗಾಳಿಯಲ್ಲಿ ಬೇಗ ಒಣಗಬೇಕು. ಒಣಗಿದ ಮೇಲೆ ಶುದ್ಧ ಮೆಥನಾಲ್‌ನಲ್ಲಿ ಒಂದು ನಿಮಿಷ ಅದ್ದಿ ಸ್ಥಿರಗೊಳಿಸಿ. ಈ ಕೆಲಸವನ್ನು ನಾಳೆಗೆ ಮುಂದೂಡಿದರೆ, ಬೆಳಗಾಗುವುದರೊಳಗೆ ಇರುವೆ, ಜಿರಲೆ, ನೊಣಗಳು ಲೇಪವನ್ನು ತಿಂದು ಗಾಜನ್ನು ಮಾತ್ರ ಉಳಿಸಿರುತ್ತವೆ. ಬಣ್ಣ ಹಾಕಲು ಶೇಕಡ 10ರ ಗೀಮ್ಸಾ ದ್ರಾವಣ, ಅದರ ಪಿಎಚ್ 7.2ರ ಆಸುಪಾಸು, ಅವಧಿ ಸುಮಾರು ಒಂದು ಗಂಟೆ. ನಲ್ಲಿಯ ನೀರಿನಲ್ಲಿ ಬಣ್ಣ ಕಲಸಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನಕ್ಕೆ ಕಣಗಳ ಬಣ್ಣವೇ ಬದಲಾಗುತ್ತದೆ. ಫಾಸ್ಫೇಟ್ ಬಫರ್ ತಯಾರಿಸಿಕೊಳ್ಳುವುದು ಕಷ್ಟವೇನಲ್ಲ.

ಈಗ ಎಣ್ಣೆಮಸೂರದಡಿ 1000 ಪಟ್ಟು ಹಿಗ್ಗಿಸಿ ನೋಡಿ. ದೀರ್ಘವೃತ್ತದ ಕೆಂಪುಕಣಗಳು, ಅವುಗಳ ನಡುವೆ ನೇರಳೆಬಣ್ಣದ ಕೋಶಕೇಂದ್ರ ಮೊದಲು ಕಾಣುತ್ತವೆ. ಅವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಬಿಳಿಕಣ ಇರುತ್ತದೆ. ಹೆಟೆರೊಫಿಲ್‌ನ ಒಳಗೆ ಇಟ್ಟಿಗೆಬಣ್ಣದ, ಕಡ್ಡಿಯಂತಹ ಅಥವಾ ಎರಡೂ ತುದಿ ಚೂಪಾದ ಕಣಿಕೆಗಳಿದ್ದು, ಕೋಶಕೇಂದ್ರ ಎರಡು ಮೂರು ಹಾಲೆಗಳಾಗಿ ಅವುಗಳ ಹಿಂದೆ ಅರ್ಧ ಮರೆಯಾಗಿರುತ್ತದೆ. ಇಯೊಸಿನೊಫಿಲ್ ಎಂಬ ಇನ್ನೊಂದು ಬಿಳಿಕಣದಲ್ಲೂ ಕೆಂಪು ಕಣಿಕೆಗಳಿವೆ, ಆದರೆ ಅವು ದುಂಡಗಿರುತ್ತವೆ ಮತ್ತು ಅವುಗಳ ಹಿನ್ನೆಲೆ ತಿಳಿನೀಲಿಯಾಗಿರುತ್ತದೆ. ಹೊಸಬರು ಹೆಚ್ಚು ಎಡವುವುದು ಚಿಕ್ಕ ಲಿಂಫೊಸೈಟ್ (ಬಿ ಕೋಶಗಳೂ ಸೇರುವ ಬಿಳಿಕಣಗಳ ಗುಂಪು) ಮತ್ತು ಥ್ರಾಂಬೊಸೈಟ್‌ಗಳ ನಡುವೆ, ಏಕೆಂದರೆ ಹಕ್ಕಿಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬೊಸೈಟ್‌ಗೂ ಕೋಶಕೇಂದ್ರವಿದ್ದು ಎರಡೂ ದುಂಡಗೆ, ಚಿಕ್ಕದಾಗಿ ಕಾಣುತ್ತವೆ. ಕೋಶಕೇಂದ್ರದ ಸುತ್ತಲಿನ ಅಂಚನ್ನು ನೋಡಿ: ಲಿಂಫೊಸೈಟ್‌ನಲ್ಲಿ ಅದು ತೆಳುವಾದ ನೀಲಿ ಪಟ್ಟಿ, ಥ್ರಾಂಬೊಸೈಟ್‌ನಲ್ಲಿ ಬಣ್ಣವಿಲ್ಲದ, ಖಾಲಿಯಂತೆ ತೋರುವ ಜಾಗ, ಜೊತೆಗೆ ಅವು ಅಲ್ಲಲ್ಲಿ ಗುಂಪುಗೂಡಿರುತ್ತವೆ.

ಒಂದು ಸ್ಲೈಡಿನಲ್ಲಿ 100 ಬಿಳಿಕಣಗಳನ್ನು ಬಗೆಬಗೆಯಾಗಿ ಎಣಿಸಿ, ಹೆಟೆರೊಫಿಲ್‌ಗಳ ಸಂಖ್ಯೆಯನ್ನು ಲಿಂಫೊಸೈಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಎಚ್-ಎಲ್ ಅನುಪಾತ ಸಿಗುತ್ತದೆ. ಗ್ರಾಸ್ ಮತ್ತು ಸೀಗಲ್ 1983ರಲ್ಲಿ ಕೋಳಿಗಳ ಒತ್ತಡದ ಅಳತೆಗೋಲಾಗಿ ಇದನ್ನು ಮುಂದಿಟ್ಟರು. ಅಂದಿನಿಂದ ಕಾಡುಹಕ್ಕಿಗಳ ಅಧ್ಯಯನದಲ್ಲೂ ಇದು ಎಲ್ಲೆಡೆ ಬಳಕೆಯಲ್ಲಿದೆ. ಅದೇ ಸ್ಲೈಡನ್ನು ಒಂದು ವಾರದ ನಂತರ, ಹಳೆಯ ಲೆಕ್ಕವನ್ನು ನೋಡದೆ ಮತ್ತೆ ಎಣಿಸಿ. ಎರಡು ಸಲದ ಉತ್ತರಗಳು ಹತ್ತಿರ ಬರುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಒಂದು ಸೆಮಿಸ್ಟರ್ ಇದಕ್ಕೇ ಹೋದರೂ ಅದು ವ್ಯರ್ಥವಲ್ಲ.

ಪಾರಿವಾಳ ಮತ್ತು ಅದರ ಪರಾವಲಂಬಿ

ಆರೋಗ್ಯವಂತ ಕೋಳಿಯ ರಕ್ತದಲ್ಲಿ ಪರಾವಲಂಬಿಗಳು ಸುಲಭವಾಗಿ ಸಿಗುವುದಿಲ್ಲ. ಅವನ್ನು ಕಣ್ಣಾರೆ ಕಾಣಬೇಕಾದರೆ ಪಾರಿವಾಳಕ್ಕೆ ಬರಬೇಕು. ತಾರಸಿಯ ಮೇಲೆ ಗೂಡು ಕಟ್ಟಿ ಪಾರಿವಾಳ ಸಾಕುವವರು ನಮ್ಮ ಊರುಗಳಲ್ಲಿ ಇದ್ದೇ ಇದ್ದಾರೆ. ಮಾಲೀಕರ ಒಪ್ಪಿಗೆ, ಕಾಲೇಜಿನ ಒಪ್ಪಿಗೆ ಎರಡನ್ನೂ ಪಡೆದು, ರಕ್ತವನ್ನು ಪಶುವೈದ್ಯರ ಕೈಯಿಂದಲೇ ತೆಗೆಸಬೇಕು. ಪಾರಿವಾಳದ ಗರಿಗಳ ನಡುವೆ ಚಪ್ಪಟೆ ಮೈಯ, ಅಡ್ಡಡ್ಡ ಓಡುವ ಕಂದು ನೊಣವೊಂದು ಇರುತ್ತದೆ. ಹೀಮೊಪ್ರೋಟಿಯಸ್ ಕೊಲಂಬೆ ಎಂಬ ರಕ್ತಪರಾವಲಂಬಿಯನ್ನು ಹಕ್ಕಿಯಿಂದ ಹಕ್ಕಿಗೆ ದಾಟಿಸುವುದು ಆ ನೊಣ. ಸ್ಲೈಡಿನಲ್ಲಿ ಈ ಪರಾವಲಂಬಿ ಕೆಂಪುಕಣದ ಒಳಗೆ ಕೋಶಕೇಂದ್ರವನ್ನು ಬಳಸಿಕೊಂಡು ಬಾಗಿ ಕೂತಿರುತ್ತದೆ, ಮೈಯಲ್ಲಿ ಹೊಂಬಣ್ಣದಿಂದ ಕಂದಿನವರೆಗಿನ ಚುಕ್ಕೆಗಳಿರುತ್ತವೆ. ಒಮ್ಮೆ ಸರಿಯಾಗಿ ನೋಡಿದವರು ಇದನ್ನು ಮರೆಯುವುದಿಲ್ಲ.

ಹೀಮೊಪ್ರೋಟಿಯಸ್ ಜೊತೆಗೆ ಪ್ಲಾಸ್ಮೋಡಿಯಂ, ಲ್ಯೂಕೊಸೈಟೊಜೂನ್ ಎಂಬ ಇನ್ನೆರಡು ಕುಲಗಳನ್ನು ಗುರುತಿಸಲು ಕಲಿಯಬೇಕು. ಲ್ಯೂಕೊಸೈಟೊಜೂನ್‌ನಲ್ಲಿ ಆ ಬಣ್ಣದ ಚುಕ್ಕೆಗಳಿರುವುದಿಲ್ಲ. ಪ್ಲಾಸ್ಮೋಡಿಯಂ ಮಾತ್ರ ರಕ್ತಕಣದ ಒಳಗೇ ಒಡೆದು ಹಲವಾಗುವ ಹಂತವನ್ನು ತೋರಿಸುತ್ತದೆ. ಹಕ್ಕಿಗಳ ಪ್ಲಾಸ್ಮೋಡಿಯಂ ಮನುಷ್ಯರಿಗೆ ಮಲೇರಿಯಾ ತರುವುದಿಲ್ಲ, ಆದರೆ ಮಲೇರಿಯಾದ ಒಗಟು ಬಿಡಿಸಲು ನೆರವಾದದ್ದು ಅದೇ: ರೊನಾಲ್ಡ್ ರಾಸ್ 1898ರಲ್ಲಿ ಕಲ್ಕತ್ತೆಯಲ್ಲಿ ಗುಬ್ಬಿಗಳ ಮಲೇರಿಯಾವನ್ನು ಹಿಂಬಾಲಿಸಿ, ಪರಾವಲಂಬಿ ಸೊಳ್ಳೆಯ ಮೂಲಕ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟುವ ಪೂರ್ಣ ಚಕ್ರವನ್ನು ತೋರಿಸಿದರು, 1902ರಲ್ಲಿ ನೊಬೆಲ್ ಪಡೆದರು.

ಪ್ರಶ್ನೆಯನ್ನು ಊರಿನಿಂದಲೇ ಆರಿಸಿಕೊಳ್ಳುವುದು

‘ಹಕ್ಕಿಗಳ ರೋಗನಿರೋಧಕ ಶಕ್ತಿಯ ಅಧ್ಯಯನ’ ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಒಳ್ಳೆಯ ಪ್ರಶ್ನೆಗೆ ನಮ್ಮ ನೆಲವೇ ಅವಕಾಶ ಕೊಡುತ್ತದೆ. ಹರಿಹರ, ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆಗಳು, ಅವುಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆಗಳು. ಜಗಳೂರು ದಾಟಿ ಚಳ್ಳಕೆರೆ, ಮೊಳಕಾಲ್ಮೂರಿಗೆ ಹೋದರೆ ರಾಜ್ಯದ ಅತಿ ಕಡಿಮೆ ಮಳೆಯ ಸೀಮೆ, ಶೇಂಗಾ ಹೊಲ, ಕುರುಚಲು ಕಾಡು. ಎರಡೂ ಕಡೆ ಮನೆಗುಬ್ಬಿ ಇದೆ. ನೀರಾವರಿ ಹಳ್ಳಿಗಳ ಗುಬ್ಬಿಗಳಲ್ಲಿ ರಕ್ತಪರಾವಲಂಬಿಗಳು ಹೆಚ್ಚಿವೆಯೇ, ಹೆಚ್ಚಿದ್ದರೆ ಅವುಗಳ ಎಚ್-ಎಲ್ ಅನುಪಾತವೂ ಬೇರೆಯಾಗಿದೆಯೇ ಎಂಬುದು ಪದವಿ ವಿದ್ಯಾರ್ಥಿಗಳ ತಂಡವೊಂದು ಸೂಕ್ಷ್ಮದರ್ಶಕದಿಂದಲೇ ಉತ್ತರಿಸಬಹುದಾದ ಪ್ರಶ್ನೆ.

ಇಲ್ಲಿ ಒಂದು ವಿಷಯದ ಬಗ್ಗೆ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ವಿದ್ಯಾರ್ಥಿಗಳ ವರದಿಗಳು ಹೆಚ್ಚಾಗಿ ಬಲ ಕಳೆದುಕೊಳ್ಳುವುದು ಇಲ್ಲಿಯೇ. ನೀರಾವರಿಯ ಒಂದು ಹಳ್ಳಿಯಿಂದ 40 ಗುಬ್ಬಿ, ಒಣ ಸೀಮೆಯ ಒಂದು ಹಳ್ಳಿಯಿಂದ 40 ಗುಬ್ಬಿ ಹಿಡಿದು ಹೋಲಿಸಿದರೆ 80 ಹಕ್ಕಿಗಳ ಅಧ್ಯಯನವಾಯಿತೆಂದು ತೋರುತ್ತದೆ. ವಾಸ್ತವವಾಗಿ ಅಲ್ಲಿ ಹೋಲಿಕೆಗೆ ಸಿಕ್ಕಿರುವುದು ಎರಡು ಹಳ್ಳಿಗಳು ಮಾತ್ರ. ಆ ಒಂದು ಹಳ್ಳಿಯಲ್ಲಿ ಕೋಳಿ ಫಾರಂ ಇರಬಹುದು, ಇನ್ನೊಂದರಲ್ಲಿ ಕಾಳಿನ ಗೋದಾಮು ಇರಬಹುದು. ಕಂಡುಬಂದ ವ್ಯತ್ಯಾಸಕ್ಕೆ ನೀರು ಕಾರಣವೋ ಫಾರಂ ಕಾರಣವೋ ಎಂದು ಹೇಳುವ ದಾರಿಯೇ ಇರುವುದಿಲ್ಲ. ಅದರ ಬದಲು ನೀರಾವರಿಯ ನಾಲ್ಕೈದು ಹಳ್ಳಿ, ಒಣ ಬೇಸಾಯದ ನಾಲ್ಕೈದು ಹಳ್ಳಿಗಳನ್ನು ಆರಿಸಿಕೊಂಡು, ಪ್ರತಿಯೊಂದರಿಂದಲೂ ಕೆಲವೇ ಹಕ್ಕಿಗಳನ್ನು ಪರೀಕ್ಷಿಸುವುದು ಎಷ್ಟೋ ಮೇಲು. ಎರಡೂ ಸೀಮೆಗಳ ಕೆಲಸ ಒಂದೇ ತಿಂಗಳಲ್ಲಿ, ಬದಲಾಯಿಸುತ್ತ ನಡೆಯಬೇಕು. ಮುಂಗಾರಿನಲ್ಲಿ ಒಂದು ಸೀಮೆ, ಬೇಸಿಗೆಯಲ್ಲಿ ಇನ್ನೊಂದು ಸೀಮೆ ಎಂದು ಹಂಚಿಕೊಂಡರೆ ಋತುವಿನ ಪರಿಣಾಮವೂ ಊರಿನ ಪರಿಣಾಮವೂ ಬೆರೆತುಹೋಗಿ, ಯಾವ ಲೆಕ್ಕಾಚಾರದಿಂದಲೂ ಬಿಡಿಸಲಾಗದ ಗಂಟಾಗುತ್ತದೆ. ಈ ಯೋಜನೆಯನ್ನು ಮೊದಲ ಹಕ್ಕಿ ಬಲೆಗೆ ಬೀಳುವ ಮುಂಚೆಯೇ ಸಂಖ್ಯಾಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ.

ಹಕ್ಕಿ ಹಿಡಿಯುವ ಅನುಮತಿಯಾಗಲಿ ಪರಿಣತರಾಗಲಿ ಸಿಗದ ತಂಡಗಳಿಗೂ ದಾರಿ ಇದೆ. ಅಮೆರಿಕದಲ್ಲಿ 1994ರಲ್ಲಿ ಹೌಸ್ ಫಿಂಚ್ ಹಕ್ಕಿಗಳ ಕಣ್ಣು ಊದಿಕೊಳ್ಳುವ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ರೋಗ ಬೆಳಕಿಗೆ ಬಂದದ್ದು ಮನೆಯಂಗಳದಲ್ಲಿ ಕಾಳು ಹಾಕುತ್ತಿದ್ದ ಸಾಮಾನ್ಯ ಜನರ ಗಮನದಿಂದ. ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ, ಮಂಡಕ್ಕಿ ಭಟ್ಟಿಗಳ ಸುತ್ತ ಸೇರುವ ಪಾರಿವಾಳ, ಗುಬ್ಬಿ, ಗೊರವಂಕಗಳ ಕಣ್ಣಿನ ಊತ, ಕಾಲಿನ ಮೇಲಿನ ಸಿಡುಬಿನ ಗಂಟುಗಳನ್ನು ದುರ್ಬೀನಿನಿಂದ ನೋಡಿ, ಒಂದೇ ಕ್ರಮದಲ್ಲಿ ವರ್ಷವಿಡೀ ದಾಖಲಿಸುವುದು ಪೂರ್ಣಪ್ರಮಾಣದ ಸಂಶೋಧನೆಯೇ.

ಅನುಮತಿಗಳು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಶಿಕ್ಷಣ ಮತ್ತು ವೈಜ್ಞಾನಿಕ ಸಂಶೋಧನೆಗಾಗಿ ವಿಶೇಷ ಅನುಮತಿ ಕೊಡಲು ಅವಕಾಶ ನೀಡುತ್ತದೆ. ಅರ್ಜಿ ಹೋಗಬೇಕಾದದ್ದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನಕ್ಕೆ. ಮೊದಲನೇ ಅನುಸೂಚಿಯಲ್ಲಿರುವ ನವಿಲಿನಂತಹ ಹಕ್ಕಿಗಳನ್ನು ಪದವಿ ಮಟ್ಟದ ಯೋಜನೆಗೆ ಆರಿಸಿಕೊಳ್ಳಲೇಬೇಡಿ. ಅರ್ಜಿಯನ್ನು ವಿದ್ಯಾರ್ಥಿಯ ಹೆಸರಿನಲ್ಲಲ್ಲದೆ ಅಧ್ಯಾಪಕರ ಹೆಸರಿನಲ್ಲಿ, ಕಾಲೇಜಿನ ಮೂಲಕ ಕಳುಹಿಸಬೇಕು. ಯಾವ ಹಕ್ಕಿ, ಎಷ್ಟು, ಎಲ್ಲಿ, ಎಷ್ಟು ರಕ್ತ, ಬಿಡುಗಡೆ ಯಾವಾಗ ಎಂಬುದೆಲ್ಲ ಅದರಲ್ಲಿರಬೇಕು. ಉತ್ತರ ಬರಲು ತಿಂಗಳುಗಳು ಹಿಡಿಯುವುದರಿಂದ ಕೊನೆಯ ವರ್ಷದ ಯೋಜನೆಗೆ ಎರಡನೇ ವರ್ಷದಲ್ಲೇ ಅರ್ಜಿ ಹಾಕುವುದು ಕ್ಷೇಮ. ಇದರ ಜೊತೆಗೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯೂ ಬೇಕು. ನಿಮ್ಮ ಕಾಲೇಜಿನಲ್ಲಿ ಅಂತಹ ಸಮಿತಿ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಂತಹ ಸಂಸ್ಥೆಯೊಂದಿಗೆ ಜಂಟಿಯಾಗಿ ಕೆಲಸ ಮಾಡುವ ಸಾಧ್ಯತೆಯನ್ನು ಅಧ್ಯಾಪಕರ ಮೂಲಕ ವಿಚಾರಿಸಿ.

ಹಕ್ಕಿಯ ಕಾಲಿಗೆ ಉಂಗುರ ತೊಡಿಸುವುದಾದರೆ ಅದಕ್ಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಉಂಗುರ ಮತ್ತು ಅವರಿಂದ ತರಬೇತಿ ಪಡೆದವರು ಬೇಕು. ನಮ್ಮ ದೇಶದಲ್ಲಿ ಆ ಸಂಸ್ಥೆ 1927ರಿಂದ ಈ ಕೆಲಸ ನಡೆಸಿಕೊಂಡು ಬಂದಿದೆ.

ಹಳ್ಳಿಯಲ್ಲಿ, ಬಲೆಯ ಹತ್ತಿರ

ಕಾಗದದ ಅನುಮತಿ ಇದ್ದರೂ ಊರಿನವರ ಅನುಮತಿ ಬೇರೆಯೇ. ಹಿಂದಿನ ದಿನವೇ ಹೋಗಿ ಪಂಚಾಯಿತಿಯವರಿಗೆ, ಬಲೆ ಕಟ್ಟುವ ಕಣದ ಯಜಮಾನರಿಗೆ ವಿಷಯ ತಿಳಿಸಿ. “ಹಕ್ಕಿ ಹಿಡಿಯಾಕ ಬಂದೀರೇನ್ರಿ, ಮಾರಾಕೇನು?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. “ಇಲ್ಲ ಯಜಮಾನ್ರೇ, ಒಂದು ಹನಿ ರಕ್ತ ತಗೊಂಡು ಇಲ್ಲೇ ನಿಮ್ಮ ಮುಂದೇನೇ ಬಿಡ್ತೀವಿ” ಎಂದು ಹೇಳಿ, ಹಾಗೆಯೇ ಮಾಡಿ ತೋರಿಸಿ. ಗುಬ್ಬಿಗಳು ಎಲ್ಲಿ ಗೂಡು ಕಟ್ಟಿವೆ, ಯಾವ ತಿಂಗಳು ಸೊಳ್ಳೆ ಹೆಚ್ಚು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ.

ಮಿಸ್ಟ್ ನೆಟ್ ಎಂಬ ತೆಳ್ಳನೆಯ ನೈಲಾನ್ ಬಲೆಯನ್ನು ಬೆಳಕು ಹರಿಯುವ ಹೊತ್ತಿಗೆ ನೆರಳಿನಲ್ಲಿ ಬಿಚ್ಚಬೇಕು, ಬಿಸಿಲೇರುವ ಮುಂಚೆ ಮುಚ್ಚಬೇಕು. 20 ನಿಮಿಷಕ್ಕೊಮ್ಮೆಯಾದರೂ ಬಲೆಯನ್ನು ನೋಡಲೇಬೇಕು. ಚಳ್ಳಕೆರೆಯ ಕಡೆಯ ಬಿಸಿಲಿಗೆ ಇನ್ನೂ ಬೇಗ. ಬಲೆಯನ್ನು ಕಾಯುವವರಿಲ್ಲದೆ ಒಂದು ಕ್ಷಣವೂ ಬಿಡಬಾರದು, ಬೆಕ್ಕು, ಕಾಗೆಗಳು ಹೊಂಚುಹಾಕುತ್ತಿರುತ್ತವೆ. ಬಲೆಯಿಂದ ಹಕ್ಕಿಯನ್ನು ಬಿಡಿಸುವವರು, ಸೂಜಿ ಹಿಡಿಯುವವರು ತರಬೇತಿ ಪಡೆದವರೇ ಆಗಿರಬೇಕು. ವಿದ್ಯಾರ್ಥಿಯ ಮೊದಲ ಕೆಲಸ ಬರವಣಿಗೆ: ಹಕ್ಕಿ ಬಲೆಗೆ ಬಿದ್ದ ಗಳಿಗೆ, ರಕ್ತ ತೆಗೆದ ಗಳಿಗೆ, ಗಂಡೋ ಹೆಣ್ಣೋ, ತೂಕ, ರೆಕ್ಕೆಯ ಉದ್ದ, ಹೊಟ್ಟೆಯಡಿ ಕಾವಿನ ಬೋಳು ಇದೆಯೇ, ಗರಿ ಉದುರಿಸುತ್ತಿದೆಯೇ. ಇದನ್ನು ಕೀಳೆಂದು ಭಾವಿಸಬೇಡಿ. ಕಾರ್ಟಿಕೊಸ್ಟಿರೋನ್ ಎಂಬ ಒತ್ತಡದ ಹಾರ್ಮೋನು ಹಕ್ಕಿ ಸಿಕ್ಕಿಬಿದ್ದ ಸುಮಾರು ಮೂರು ನಿಮಿಷದೊಳಗೇ ಏರತೊಡಗುತ್ತದೆ, ಬಿಳಿಕಣಗಳ ಅನುಪಾತ ಅದಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಗಳಿಗೆ ಬರೆದಿಡದ ರಕ್ತದಿಂದ ಇವೆರಡನ್ನೂ ಅರ್ಥಮಾಡಿಕೊಳ್ಳಲಾಗದು.

ಹಕ್ಕಿಗಳಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಆದ್ದರಿಂದ ಕತ್ತನ್ನು ತೋರುಬೆರಳು ಮತ್ತು ನಡುಬೆರಳಿನ ನಡುವೆ ಸಡಿಲವಾಗಿ ಇಟ್ಟುಕೊಂಡು, ಬೆನ್ನನ್ನು ಅಂಗೈಗೆ ಒರಗಿಸಿ ಹಿಡಿಯಬೇಕೇ ಹೊರತು ಎದೆಯನ್ನು ಎಂದಿಗೂ ಅದುಮಬಾರದು. ಒಂದು ಬಟ್ಟೆಚೀಲಕ್ಕೆ ಒಂದೇ ಹಕ್ಕಿ. ಒಗೆಯದ ಚೀಲವನ್ನು ಇನ್ನೊಂದು ಹಕ್ಕಿಗೆ ಬಳಸಬಾರದು, ಏಕೆಂದರೆ ರೋಗವನ್ನು ಅಧ್ಯಯನ ಮಾಡಲು ಹೋದವರೇ ರೋಗ ಹರಡಬಾರದು.

ಒಟ್ಟು ರಕ್ತ ಹಕ್ಕಿಯ ತೂಕದ ಶೇಕಡ 1ನ್ನು ಮೀರಬಾರದು. 20 ಗ್ರಾಂ ತೂಗುವ ಗುಬ್ಬಿಗೆ ಅದು 200 ಮೈಕ್ರೊಲೀಟರ್. ನಮ್ಮ ಕೆಲಸಕ್ಕೆ ಅದರ ಅರ್ಧ ಧಾರಾಳವಾಗಿ ಸಾಕು. ರೆಕ್ಕೆಯನ್ನು ಬಿಡಿಸಿ, ಒಳಗಡೆ ಮೊಣಕೈ ಹತ್ತಿರದ ಚಿಕ್ಕ ಗರಿಗಳನ್ನು ಸ್ಪಿರಿಟ್ ಹತ್ತಿಯಿಂದ ಸರಿಸಿದರೆ, ತೆಳುಚರ್ಮದಡಿ ನೀಲಿ ರಕ್ತನಾಳ ಎದ್ದು ಕಾಣುತ್ತದೆ. 26 ಗೇಜ್ ಸೂಜಿಯಿಂದ ಅದನ್ನು ಚುಚ್ಚಿದಾಗ ಮೂಡುವ ಹನಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಲೇಪಿತವಾದ ತೆಳು ಕ್ಯಾಪಿಲರಿ ನಾಳವನ್ನು ತಾಗಿಸಿದರೆ ರಕ್ತ ತಾನಾಗಿ ಏರುತ್ತದೆ. ಲೇಪಕ್ಕೆ ಬೇಕಾದ ಹನಿಯನ್ನು ಹೆಪಾರಿನ್ ತಾಗದಂತೆ ನೇರವಾಗಿ ಸ್ಲೈಡಿಗೇ ಪಡೆಯಿರಿ. ಆಮೇಲೆ ಒಣ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿದು, ರಕ್ತ ಪೂರ್ತಿ ನಿಂತಿದೆ ಎಂದು ಖಚಿತವಾದ ಮೇಲೆಯೇ ಹಕ್ಕಿಯನ್ನು ಬಿಡಬೇಕು. ಕೊಕ್ಕು ತೆರೆದು ಏದುಸಿರು ಬಿಡುತ್ತಿರುವ ಹಕ್ಕಿ, ಕಣ್ಣು ಮುಚ್ಚುತ್ತಿರುವ ಹಕ್ಕಿ ಕಂಡರೆ ರಕ್ತ ತೆಗೆಯದೆ ಆ ಕೂಡಲೇ ಬಿಟ್ಟುಬಿಡಿ. ಮಾದರಿ ಕಡಿಮೆಯಾಯಿತೆಂಬ ಚಿಂತೆ ಅಲ್ಲಿ ಬರಕೂಡದು.

ನಿಮ್ಮ ಸುರಕ್ಷತೆಯೂ ಅಷ್ಟೇ ಮುಖ್ಯ. ಹಿಕ್ಕೆಯ ಒಣಧೂಳಿನಿಂದ ಶ್ವಾಸಕೋಶದ ಸೋಂಕುಗಳು ಬರುತ್ತವೆ, ಆದ್ದರಿಂದ ಎನ್-95 ಮುಖಗವಸು ಬೇಕು. ಒಂದೇ ಕಡೆ ಹಲವು ಹಕ್ಕಿಗಳು ಸತ್ತುಬಿದ್ದಿದ್ದರೆ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲೇ 2020ರ ಮಾರ್ಚ್‌ನಲ್ಲಿ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು.

ಪ್ಲಾಸ್ಮಾದಿಂದ ಮಾಡಬಹುದಾದ ಪರೀಕ್ಷೆ

ಕ್ಯಾಪಿಲರಿ ನಾಳಗಳನ್ನು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಂದು, ಅದೇ ದಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾವನ್ನು, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವವನ್ನು, ಬೇರ್ಪಡಿಸಿ. ಮ್ಯಾಟ್ಸನ್, ರಿಕ್ಲೆಫ್ಸ್ ಮತ್ತು ಕ್ಲಾಸಿಂಗ್ 2005ರಲ್ಲಿ ರೂಪಿಸಿದ ವಿಧಾನದಲ್ಲಿ, 96 ಕುಳಿಗಳ ತಟ್ಟೆಯಲ್ಲಿ ಹಕ್ಕಿಯ ಪ್ಲಾಸ್ಮಾವನ್ನು ಹಂತಹಂತವಾಗಿ ಅರ್ಧರ್ಧ ತೆಳುಗೊಳಿಸುತ್ತ ಹೋಗಿ, ಮೊಲದ ಕೆಂಪುಕಣಗಳನ್ನು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಇಡಲಾಗುತ್ತದೆ. ಹಕ್ಕಿಯಲ್ಲಿ ಹುಟ್ಟಿನಿಂದಲೇ ಇರುವ ಪ್ರತಿಕಾಯಗಳು ಆ ಕಣಗಳನ್ನು ಅಂಟಿಸುತ್ತವೆ, ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳು ಅವನ್ನು ಒಡೆಯುತ್ತವೆ. ಪ್ಲಾಸ್ಮಾವನ್ನು ಎಷ್ಟು ತೆಳುಗೊಳಿಸುವವರೆಗೆ ಈ ಕ್ರಿಯೆ ಕಾಣುತ್ತದೆ ಎಂಬುದೇ ಅಳತೆ. ತಟ್ಟೆಯನ್ನು ಓರೆಯಾಗಿಟ್ಟು ಸ್ಕ್ಯಾನರಿನಲ್ಲಿ ಚಿತ್ರ ತೆಗೆದುಕೊಂಡರೆ ಸಾಕು, ದುಬಾರಿ ಯಂತ್ರ ಬೇಕಿಲ್ಲ.

ಇಲ್ಲಿನ ಶತ್ರು ವಿದ್ಯುತ್ ಕಡಿತ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪ್ಲಾಸ್ಮಾದಲ್ಲಿ ಕಾಂಪ್ಲಿಮೆಂಟ್ ಶಕ್ತಿ ಕುಂದುತ್ತದೆ, ಆಗ ನಾವು ಅಳೆಯುವುದು ಹಕ್ಕಿಯ ಸ್ಥಿತಿಯನ್ನಲ್ಲ, ಫ್ರೀಜರಿನ ಸ್ಥಿತಿಯನ್ನು. ಪ್ಲಾಸ್ಮಾವನ್ನು ಮೊದಲೇ ಚಿಕ್ಕ ಚಿಕ್ಕ ಪಾಲುಗಳಾಗಿ ಹಂಚಿಡಿ, ಜನರೇಟರ್ ಇರುವ ಸಂಸ್ಥೆಯ ಫ್ರೀಜರಿನಲ್ಲಿ ಜಾಗ ಕೇಳಿ, ಕರೆಂಟು ಹೋದ ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡಿ.

ಎಣಿಕೆ ಮತ್ತು ಅರ್ಥ

ಸ್ಲೈಡು ಯಾವ ಹಳ್ಳಿಯದೆಂದು ಎಣಿಸುವವರಿಗೆ ತಿಳಿದಿರಬಾರದು. ತಂಡದ ಇನ್ನೊಬ್ಬರು ಎಲ್ಲ ಸ್ಲೈಡುಗಳ ತುದಿಗೆ ಕಾಗದ ಅಂಟಿಸಿ ಸಂಕೇತ ಸಂಖ್ಯೆ ಬರೆಯಲಿ, ಅದರ ಕೀಲಿಪಟ್ಟಿ ಅಧ್ಯಾಪಕರ ಬಳಿ ಇರಲಿ. ನೀರಾವರಿ ಹಳ್ಳಿಯ ಸ್ಲೈಡೆಂದು ಗೊತ್ತಾದರೆ ಅನುಮಾನದ ಚುಕ್ಕೆಯೂ ಪರಾವಲಂಬಿಯಾಗಿ ಕಾಣಲು ತೊಡಗುತ್ತದೆ, ಎಷ್ಟೇ ಪ್ರಾಮಾಣಿಕರಾದರೂ ಸರಿ. ಪರಾವಲಂಬಿಗಾಗಿ 1000 ಪಟ್ಟು ಹಿಗ್ಗಿಸಿ ಕನಿಷ್ಠ 100 ದೃಶ್ಯಕ್ಷೇತ್ರಗಳನ್ನು ನೋಡಬೇಕು, ತೀವ್ರತೆಯನ್ನು 10,000 ಕೆಂಪುಕಣಗಳಿಗೆ ಎಷ್ಟು ಎಂದು ಬರೆಯಬೇಕು. ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಕಡಿಮೆ ಸೋಂಕು, ಪರಾವಲಂಬಿಯ ಡಿಎನ್‌ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಸಿಗಬಹುದಾದ್ದರಿಂದ, ‘ಸೋಂಕಿಲ್ಲ’ ಎಂದು ಬರೆಯುವ ಬದಲು ‘ಕಂಡುಬರಲಿಲ್ಲ’ ಎಂದು ಬರೆಯಿರಿ.

ಅರ್ಥ ಹೇಳುವಾಗ ಇನ್ನೂ ಎಚ್ಚರ ಬೇಕು. ಹೆಚ್ಚು ಬಿಳಿಕಣವಿದ್ದರೆ ಹಕ್ಕಿ ಗಟ್ಟಿ, ಕಡಿಮೆಯಿದ್ದರೆ ದುರ್ಬಲ ಎಂಬ ತೀರ್ಮಾನ ತಪ್ಪು. ಹೆಚ್ಚಿದ ಕಣಗಳು ಸದ್ಯ ನಡೆಯುತ್ತಿರುವ ಸೋಂಕಿನ ಗುರುತಿರಬಹುದು. ಕಡಿಮೆ ಕಣಗಳು ರೋಗವೇ ಇಲ್ಲದ ಆರಾಮದ ಗುರುತಿರಬಹುದು. ರೋಗನಿರೋಧಕ ಶಕ್ತಿಯನ್ನು ಉಳಿಸಿಕೊಳ್ಳುವುದಕ್ಕೂ ಆಹಾರ ಖರ್ಚಾಗುತ್ತದೆ, ಮರಿಗಳಿಗೆ ಗುಟುಕು ತರುವ ಕಾಲದಲ್ಲಿ, ಗರಿ ಬದಲಾಯಿಸುವ ಕಾಲದಲ್ಲಿ ಹಕ್ಕಿ ಅದನ್ನು ಹಂಚಿಕೊಂಡು ಬದುಕುತ್ತದೆ. ಒಂದು ಬೆಳಗಿನ ಒಂದು ಹನಿಯಿಂದ ಆ ಹಂಚಿಕೆ ಪೂರ್ತಿಯಾಗಿ ಕಾಣುವುದಿಲ್ಲ. ಎರಡು ಸೀಮೆಗಳ ನಡುವೆ ವ್ಯತ್ಯಾಸ ಸಿಗದಿದ್ದರೂ ಅದನ್ನು ಅಷ್ಟೇ ಸ್ಪಷ್ಟವಾಗಿ ಬರೆಯಿರಿ.

ವರದಿ ಮತ್ತು ಸ್ಲೈಡುಗಳು

ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯವೊಂದರಲ್ಲಿ ಕಲಿಯಬಯಸುವವರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು, ಕೊಯಮತ್ತೂರಿನ ಸಾಲಿಂ ಅಲಿ ಪಕ್ಷಿಶಾಸ್ತ್ರ ಕೇಂದ್ರದಂತಹ ಸಂಸ್ಥೆಗಳಿಗೆ ನೇರವಾಗಿ ಬರೆಯಬಹುದು. ಆ ಪತ್ರದಲ್ಲಿ ಆಸಕ್ತಿಯ ಬಗ್ಗೆ ದೊಡ್ಡ ಮಾತುಗಳು ಬೇಡ. ನೀವೇ ತಯಾರಿಸಿದ ಒಂದು ಒಳ್ಳೆಯ ಲೇಪದ ಚಿತ್ರ ಮತ್ತು ಎರಡು ಸಲ ಎಣಿಸಿದ ಲೆಕ್ಕದ ಪಟ್ಟಿಯನ್ನು ಜೊತೆಗಿಡಿ.

ಕೆಲಸ ಮುಗಿದ ಮೇಲೆ ಅರಣ್ಯ ಇಲಾಖೆಗೆ ವರದಿಯ ಪ್ರತಿ ಸಲ್ಲಿಸುವುದು ಅನುಮತಿಯ ಜೊತೆಗೆ ಬರುವ ಕರ್ತವ್ಯ. ಹಳ್ಳಿಗಳಿಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆದು ಪಂಚಾಯಿತಿಗೂ ಶಾಲೆಗೂ ಕೊಡಿ. ಸ್ಲೈಡುಗಳನ್ನು ಮನೆಗೆ ಒಯ್ಯಬೇಡಿ, ಎಣ್ಣೆಯನ್ನು ಒರೆಸಿ, ಸಿಲಿಕಾ ಜೆಲ್ ಇರಿಸಿದ ಪೆಟ್ಟಿಗೆಯಲ್ಲಿ ಜೋಡಿಸಿ, ಕೀಲಿಪಟ್ಟಿ ಮತ್ತು ಬಲೆಯ ಹತ್ತಿರ ಬರೆದ ಟಿಪ್ಪಣಿ ಪುಸ್ತಕದೊಂದಿಗೆ ವಿಭಾಗದ ದಾಸ್ತಾನು ಪುಸ್ತಕದಲ್ಲಿ ನಮೂದಿಸಿ ಒಪ್ಪಿಸಿ. ಮುಂದಿನ ವರ್ಷದ ವಿದ್ಯಾರ್ಥಿಗಳು ಎಣಿಕೆ ಕಲಿಯುವುದು ಈ ಸ್ಲೈಡುಗಳ ಮೇಲೆಯೇ, ನಿಮ್ಮ ಲೆಕ್ಕವನ್ನು ಪರೀಕ್ಷಿಸಬೇಕಾದವರೂ ಅವರೇ.